ಹೆಸರು ಉರುಳುವಾಗ ಏಳಬಾರದು

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಕೆಂಪು ಬಟ್ಟೆ ಹೊದಿಸಿದೆ. ಮನೆಗೆ ಬಂದ ಹೆಣ್ಣುಮಕ್ಕಳು ಚಹಾ ಕುಡಿಯುತ್ತ ಅದರ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, "ಛಲೋ ಸೀರಿ ಹರದು ಹೊದಿಸೀರಲ್ರೀ, ಏನಾಗಿತ್ತು ಇದಕ್ಕ?" ಎಂದು ಮರುಗುತ್ತಾರೆ. ಬನಹಟ್ಟಿಯಲ್ಲಿ ಬಟ್ಟೆ ಕಂಡರೆ ಮುಟ್ಟದೆ ಸುಮ್ಮನಿರುವವರು ಯಾರೂ ಇಲ್ಲ. ನನ್ನ ಹೆಂಡತಿ ಪ್ರತಿ ಸಲವೂ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾಳೆ: "ಅದು ಸೀರಿ ಅಲ್ರೀ ಯಕ್ಕಾ. ಅದನ್ನ ಬೆನ್ನಿಗಿ ಕಟಗೊಂಡು ನಮ್ಮ ಮನಿಯವರು ಆಕಾಶಕ್ಕ ಹಾರಾವ್ರಿದ್ರು." ಬಂದವರು ನನ್ನ ಹೊಟ್ಟೆಯನ್ನೊಮ್ಮೆ, ಬಟ್ಟೆಯನ್ನೊಮ್ಮೆ ನೋಡಿ ಚಹಾ ಮುಗಿಸುತ್ತಾರೆ.

ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ. ಆರು ಮಂದಿ ಮಹಾವೀರರು ಒಟ್ಟಿಗೆ ಸೇರುವ ಒಂದು ಸಿನಿಮಾ ಬಂದಿತ್ತು. ಅಲ್ಲಿಯವರೆಗೆ ಒಬ್ಬೊಬ್ಬರಾಗಿ, ಬೇರೆ ಬೇರೆ ಸಿನಿಮಾಗಳಲ್ಲಿ ಲೋಕ ಕಾಯುತ್ತಿದ್ದವರು ಇದರಲ್ಲಿ ಮೊದಲ ಸಲ ಒಂದೇ ಕಡೆ ಕೂಡುವವರಿದ್ದರು, ಅದೂ ಕನ್ನಡದಲ್ಲಿ ಮಾತಾಡುತ್ತ. ಸುದ್ದಿ ಬಂದ ದಿನವೇ ಜಮಖಂಡಿಯಿಂದ ಸಂಗಪ್ಪ ಫೋನು ಮಾಡಿದ. ಸಂಗಪ್ಪ ನನ್ನ ಜೊತೆ ಶಾಲೆ ಕಲಿತವನು, ಜಮಖಂಡಿಯಲ್ಲಿ ರೆಡಿಮೇಡ್ ಬಟ್ಟೆಯ ಅಂಗಡಿ ಇಟ್ಟಿದ್ದಾನೆ. ಐವತ್ತು ದಾಟಿದೆ, ಮೊಮ್ಮಗನನ್ನೂ ಎತ್ತಿದ್ದಾನೆ. ಆದರೆ ಮಹಾವೀರರ ವಿಷಯ ಬಂದರೆ ಅವನಿಗೂ ನನಗೂ ವಯಸ್ಸು ಏರುವುದೇ ಇಲ್ಲ.

"ಮಲ್ಲ್ಯಾ, ಮೊದಲ್ನೇ ದಿನ ನಮ್ಮ ಬಳಗ ಅಷ್ಟೂ ಬೆನ್ನಿಗಿ ಕೆಂಪ ಅರಿವಿ ಕಟಗೊಂಡು ಹೋಗಬೇಕಲೇ. ನಿನ್ನ ಮಗ್ಗ ಯಾತಕ್ಕ ಅದಾವ? ನೇಯ್ದು ಕಳಸು" ಎಂದ.

ನನಗೆ ಪವರ್‌ಲೂಮ್ ಮಗ್ಗಗಳಿವೆ, ಸೀರೆ ನೇಯಿಸುತ್ತೇನೆ. ಒಂದು ಮಗ್ಗಕ್ಕೆ ಆಗ ಕೆಂಪು ಹಾಸು, ಅಂದರೆ ಉದ್ದದ ಎಳೆ, ಹೂಡಿತ್ತು. ಅದರಲ್ಲೇ ನೇಯಿಸಿದರಾಯಿತು ಎಂದುಕೊಂಡೆ. ಆ ಹಾಸಿನ ಎರಡೂ ಬದಿಗೆ ಸೀರೆಯಂಚಿನ ಹಳದಿ ದಡಿಯ ಎಳೆಗಳಿದ್ದವು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಬನಹಟ್ಟಿಯವನಿಗೆ ಅದು ಹೊಳೆಯುವುದು ಕಷ್ಟ; ದಡಿಯಿಲ್ಲದ ಬಟ್ಟೆಯನ್ನು ನಾವು ಕನಸಿನಲ್ಲೂ ಕಂಡವರಲ್ಲ. ಮಗ್ಗದ ಮೇಲಿದ್ದ ನೇಕಾರನಾದರೂ ಕೇಳಬಹುದಿತ್ತು. ಅವನು ಕೇಳುವುದಿರಲಿ, ಅಳತೆ ಮುಗಿಯುತ್ತ ಬಂದಾಗ ಕೈಯ ಅಭ್ಯಾಸದಂತೆ ಪ್ರತಿಯೊಂದಕ್ಕೂ ಒಂದೊಂದು ಸೆರಗನ್ನೂ ಇಟ್ಟ. ಗಂಟು ಜಮಖಂಡಿಗೆ ಹೋಯಿತು. ಸಂಗಪ್ಪ ಬಿಚ್ಚಿ ನೋಡಿದವನು ಮತ್ತೆ ಫೋನು ಮಾಡಿದ.

"ಲೇ ಮಲ್ಲ್ಯಾ, ಇದಕ್ಕ ಸೆರಗ ಐತಲ್ಲೋ! ಜಂಪರ ಪೀಸ್ ಎಲ್ಲಿ ಮರತಿ?"

ಫೋನು ಜೋರಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ನನ್ನ ಅತ್ತೆ ಕೇಳಿಸಿಕೊಂಡು, "ದಡಿ ಇಲ್ಲದ್ದ ಹೊತಗೊಂಡು ಯಾಂವ ಹೊರಗ ಬೀಳ್ತಾನ? ಆಕಾಶದಾಗ ಹಾರಾವ್ರಿಗಿ ಮಾನ ಮರ್ಯಾದಿ ಬ್ಯಾಡೇನು?" ಎಂದು ಸಂಗಪ್ಪನಿಗೇ ಬಾಯಿ ಮಾಡಿದಳು. ಬಳಗ ಅದನ್ನೇ ಕಟ್ಟಿಕೊಂಡು ಹೋಯಿತು. ಮುಧೋಳದವರು ನಕ್ಕರಂತೆ. ವಾರ ಕಳೆಯುವುದರೊಳಗೆ ಅವರೂ ಬೇಕೆಂದು ಕೇಳಿ ಕಳಿಸಿದರು.

ಈ ಅತ್ತೆಯ ಬಗ್ಗೆ ನಿಮಗೆ ಹೇಳಬೇಕು, ಏಕೆಂದರೆ ಈ ಪ್ರಬಂಧ ನಿಜವಾಗಿ ಅವಳದೇ. ಅವಳು ನನ್ನ ಅಪ್ಪನ ಅಕ್ಕ, ಹೆಸರು ಗಂಗವ್ವ. ನಾನು ಹುಟ್ಟುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನಾನು ಚಿಕ್ಕವನಿದ್ದಾಗ ಓಣಿಗೊಂದೇ ಟಿವಿ. ಭಾನುವಾರ ಅದರಲ್ಲಿ ಒಬ್ಬ ಹಾರುವ ಮನುಷ್ಯ ಬರುತ್ತಿದ್ದ. ಅವನನ್ನು ನೋಡಿ ಬಂದವನೇ ಅತ್ತೆಯ ಹತ್ತಿರ ಕೆಂಪು ಟವೆಲ್ ಇಸಿದುಕೊಂಡು ಕುತ್ತಿಗೆಗೆ ಕಟ್ಟಿಕೊಂಡೆ. ಪಡಸಾಲೆಯಲ್ಲಿ ನೂಲಿನ ಗಂಟುಗಳನ್ನು ಸೂರಿನವರೆಗೆ ಒಟ್ಟಿದ್ದರು. ಆ ರಾಶಿಯ ನೆತ್ತಿ ಏರಿ ಹಾರಿದೆ. ಮುಂದಿನ ಹಲ್ಲು ಅರ್ಧ ಹೋಯಿತು, ಅದು ಇಂದಿಗೂ ಅರ್ಧವೇ ಇದೆ. ಅಪ್ಪ ಕೋಲು ಹುಡುಕುತ್ತಿದ್ದ. ಅತ್ತೆ ನನ್ನ ಬಾಯಿಗೆ ಅರಿಷಿಣ ಒತ್ತಿ, "ಹಾರೂದು ಬಂತು ಬಿಡು. ಇನ್ನ ಇಳ್ಯೂದು ಕಲಿ" ಎಂದಳು. ಆ ಮಾತಿಗೆ ನಾನು ಅಳುವುದನ್ನು ಬಿಟ್ಟು ನಕ್ಕೆ, ರಕ್ತ ಅಂಗಿಯ ಮೇಲೆಲ್ಲ ಬಿತ್ತು.

ಅವಳು ಮಹಾವೀರರ ಭಕ್ತೆಯಾದದ್ದು ಬಹಳ ಈಚೆಗೆ. ಲಾಳಿಯಲ್ಲಿಡುವ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ಬೇಡವೆಂದರೂ ಬಿಡುವುದಿಲ್ಲ. ಟಿವಿ ಮುಂದೆ ರಾಟಿ ಇಟ್ಟುಕೊಂಡು ಕೂರುತ್ತಾಳೆ. ಧಾರಾವಾಹಿಗಳಲ್ಲಿ ಸೊಸೆಗೆ ಅತ್ತೆ ಕೊಡುವ ಕಾಟ ನೋಡಿ ನೋಡಿ ಬೇಸತ್ತು, ಒಂದು ಮಧ್ಯಾಹ್ನ ಚಾನಲ್ಲು ತಿರುಗಿಸಿದಾಗ ಕನ್ನಡ ಮಾತಾಡುವ ಒಬ್ಬ ಮಹಾವೀರ ಸಿಕ್ಕ. ಅವನ ಬೆರಳುಗಳಿಂದ ಬೆಳಕಿನ ಎಳೆ ಬರುತ್ತದೆ. ಅದರಿಂದ ಅವನು ಮುರಿದ ಸೇತುವೆ ಕಟ್ಟುತ್ತಾನೆ, ಒಡೆದ ಆಣೆಕಟ್ಟು ಹೊಲಿಯುತ್ತಾನೆ. ಅವನಿಗೆ ಇಂಗ್ಲಿಷಿನ ಉದ್ದ ಹೆಸರಿದೆ. ಅತ್ತೆ ಅವನನ್ನು ನೂಲಪ್ಪ ಎಂದಳು, ಊರೆಲ್ಲ ನೂಲಪ್ಪ ಎಂದಿತು.

"ಉಳಿದಾವ್ರೆಲ್ಲಾ ಬರೇ ಒಡ್ಯಾವ್ರು. ಈ ತಮ್ಮಾ ಒಬ್ಬಾಂವ ಕೂಡಸಾಂವ" ಎನ್ನುವುದು ಅವಳ ವಿಮರ್ಶೆ. ಅವನ ಗಂಟು ಮಾತ್ರ ಸರಿಯಿಲ್ಲವೆಂದು ಅವಳ ತಕರಾರು. ಅಂಥ ಗಂಟು ಹಾಕಿದರೆ ಮಗ್ಗದ ಬಾಚಣಿಗೆಯಂಥ ಫಣಿಯಲ್ಲಿ ಎಳೆ ಸಿಕ್ಕಿಕೊಂಡು ಹರಿಯುತ್ತದಂತೆ.

ಆದರೆ ಅವಳ ಕಣ್ಣು ಮಬ್ಬಾಗುತ್ತ ಬಂದಿತ್ತು. ಎರಡಕ್ಕೂ ಪೊರೆ. ಎಳೆಯನ್ನು ಬೆರಳಲ್ಲೇ ಹಿಡಿದು ಸುತ್ತುತ್ತಿದ್ದಳು, ಟಿವಿಯನ್ನು ಕಿವಿಯಲ್ಲೇ ನೋಡುತ್ತಿದ್ದಳು. ಡಾಕ್ಟರು ಸಣ್ಣ ಆಪರೇಶನ್, ಅಂದೇ ಮನೆಗೆ ಹೋಗಬಹುದು ಎಂದರು. ಅತ್ತೆ ಒಪ್ಪಲಿಲ್ಲ. "ನೋಡೂದೆಲ್ಲಾ ನೋಡಿ ಆತು. ಇನ್ನ ಹೊಸಾ ಕಣ್ಣ ತಗೊಂಡ ಏನ ಮಾಡ್ಲಿ? ಅದನ್ನ ಯಾರಿಗರೆ ಸಣ್ಣವ್ರಿಗಿ ಮಾಡ್ರಿ" ಎಂದಳು. ಹೆಂಡತಿ ಹೇಳಿ ಸೋತಳು, ನಾನು ಸಿಟ್ಟಾಗಿ ಸೋತೆ, ಮಗಳು ಅತ್ತು ಸೋತಳು. ಸಂಗಪ್ಪ ಬಂದು ಆಣೆ ಹಾಕಿದರೂ ಅಲುಗಲಿಲ್ಲ. ಬಾಗಿಲ ಚೌಕಟ್ಟು ತಡವುತ್ತ ಅವಳು ಹಿತ್ತಿಲಿಗೆ ಹೋಗುವುದನ್ನು ನೋಡಿದಾಗಲೆಲ್ಲ ನಾನು ಎದ್ದು ದಾರಿಯಲ್ಲಿದ್ದ ನೂಲಿನ ಗಂಟು ಸರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಆ ವರ್ಷ ಇದ್ದ ಚಿಂತೆ ಇದೊಂದೇ.

ಇರಲಿ, ಸಿನಿಮಾಕ್ಕೆ ಬರೋಣ. ಆರು ಮಂದಿ ವೀರರಲ್ಲಿ ನಮ್ಮ ಸೀಮೆಯ ಊರುಗಳು ಒಬ್ಬೊಬ್ಬರನ್ನು ಹಂಚಿಕೊಂಡುಬಿಟ್ಟಿದ್ದವು. ನೂಲಪ್ಪ ರಬಕವಿ-ಬನಹಟ್ಟಿಯವನು, ಅದರಲ್ಲಿ ಮಾತೇ ಇಲ್ಲ. ಮಾತಾಡದೆ ಬರೇ ಎತ್ತಿ ಒಗೆಯುವ ಧಡೂತಿ ಆಸಾಮಿಯನ್ನು ಜಮಖಂಡಿಯವರು ಪೈಲ್ವಾನ ಎಂದು ಕರೆದು ತಮ್ಮವನನ್ನಾಗಿ ಮಾಡಿಕೊಂಡರು. ಒಬ್ಬ ವೀರನ ಜೊತೆ ತೆಳ್ಳಗಿನ, ಉದ್ದ ಮೋರೆಯ ನಾಯಿಯೊಂದು ಓಡುತ್ತದೆ. ಮುಧೋಳದವರು ಅದು ಮುಧೋಳ ನಾಯಿಯೇ, ಬೇಕಾದರೆ ಅದರ ಸೊಂಟ ನೋಡಿ ಎಂದು ಪಟ್ಟು ಹಿಡಿದರು. ವೀರ ಹೇಗಾದರೂ ಇರಲಿ, ನಾಯಿ ನಮ್ಮದು ಎಂಬುದು ಅವರ ಅಭಿಮಾನ. ನದಿಯನ್ನು ಕೈಯೆತ್ತಿ ನಿಲ್ಲಿಸುವ ನೀರಪ್ಪ ಹಿಪ್ಪರಗಿಯವರ ಪಾಲಾದ, ಬ್ಯಾರೇಜು ಇರುವ ಊರಿನವರಿಗೆ ಅದು ಸಹಜವೇ. ಚಪ್ಪಾಳೆ ತಟ್ಟಿದರೆ ಗುಡುಗು ಬರಿಸುವ ಹೆಣ್ಣುಮಗಳನ್ನು ಬೀಳಗಿ, ಅನಗವಾಡಿಯವರು ಗುಡುಗವ್ವ ಎಂದು ಹೊತ್ತು ಮೆರೆಸಿದರು. ಆರನೆಯವನು ಕನ್ನಡಿಯೊಳಗೆ ಹೊಕ್ಕು ಹೊರಬರುವವನು, ಅವನನ್ನು ಯಾವ ಊರೂ ಕೇಳಲಿಲ್ಲ. ನನ್ನ ಹೆಂಡತಿ ಮಾತ್ರ ಪಾಪ ಎನ್ನುತ್ತಿದ್ದಳು.

ಫೋನಿನಲ್ಲಿ ನಮ್ಮದೊಂದು ಗುಂಪಿತ್ತು. ಪೈಲ್ವಾನ ದೊಡ್ಡವನೋ ನೀರಪ್ಪ ದೊಡ್ಡವನೋ ಎಂಬುದರ ಮೇಲೆ ಅಲ್ಲಿ ನಡೆದ ಜಗಳದಲ್ಲಿ ಮಾತು ಬಿಟ್ಟವರಿದ್ದಾರೆ. ಮುಧೋಳದ ಶಿವಾನಂದ ಎಂಬಾತ, ಔಷಧಿ ಅಂಗಡಿಯವನು, ನಾಯಿಗೆ ಯಾರಾದರೂ ಏನಾದರೂ ಅಂದರೆ ಗುಂಪು ಬಿಟ್ಟು ಹೋಗುತ್ತಿದ್ದ, ಸಂಜೆ ಮತ್ತೆ ಸೇರುತ್ತಿದ್ದ. ನಾನೂ ಕಡಿಮೆಯವನಲ್ಲ. ನೂಲಪ್ಪನನ್ನು "ದರ್ಜಿ" ಎಂದು ಕರೆದವನೊಬ್ಬನ ಜೊತೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪುವಷ್ಟು ಹೊತ್ತು ವಾದ ಮಾಡಿದ್ದೇನೆ, ಬೆಲ್ಲದ ವ್ಯಾಪಾರಕ್ಕೆ ಬಂದವರೆಲ್ಲ ಸುತ್ತ ನಿಂತು ನೋಡುತ್ತಿದ್ದರು.

ಮೊದಲ ದಿನ ನಾನು ಅತ್ತೆಯನ್ನು ನಮ್ಮೂರ ಟಾಕೀಸಿಗೆ ಕರೆದುಕೊಂಡು ಹೋದೆ. ಪರದೆಯ ಹತ್ತಿರದ ಮೊದಲ ಸಾಲಿನಲ್ಲಿ ಕೂರಿಸಿದರೆ ಅವಳಿಗೆ ಅಷ್ಟಿಷ್ಟು ಕಾಣುತ್ತಿತ್ತು, ದೊಡ್ಡ ಪರದೆ ಅಲ್ಲವೇ. ಆ ದಿನದ ಗದ್ದಲ ಏನೆಂದು ಹೇಳಲಿ! ನೂಲಪ್ಪ ಬಂದಾಗ ನೇಕಾರ ಓಣಿಯವರು ಬಣ್ಣದ ನೂಲಿನ ಚೂರುಗಳನ್ನು ತೂರಿದರು, ಮುಂದಿನ ಸಾಲಿನವರೆಲ್ಲ ಸಂಜೆಯವರೆಗೆ ತಲೆಯಿಂದ ನೂಲು ಕೀಳುತ್ತಿದ್ದರು. ಆರೂ ಮಂದಿ ಮೊದಲ ಸಲ ಒಂದು ಸಾಲಿನಲ್ಲಿ ನಿಂತಾಗ, ಒಬ್ಬರಿಗೊಬ್ಬರು ಮಾತು ಬಿಟ್ಟವರೂ ಎದ್ದು ನಿಂತು ತಬ್ಬಿಕೊಂಡರು. ನನ್ನ ಮೈಮೇಲೆ ಮುಳ್ಳೆದ್ದವು. ಅರ್ಧ ಹಲ್ಲಿನ ಆ ಹುಡುಗ ನನ್ನೊಳಗೆಲ್ಲೋ ಕೂಗಿದ.

ಕೊನೆಗೆ ಸಿನಿಮಾದ ದುಷ್ಟನು ಆಕಾಶವನ್ನೇ ಹರಿದುಬಿಟ್ಟ. ಹರಿದ ಆಕಾಶವನ್ನು ಹೊಲಿಯಲು ನೂಲಪ್ಪ ತನ್ನ ಮೈಯಲ್ಲಿದ್ದ ಬೆಳಕಿನ ಎಳೆಯನ್ನೆಲ್ಲ ಹೊರಗೆಳೆದ. ಕೊನೆಯ ಎಳೆ ಮುಗಿದಾಗ ಆಕಾಶ ಕೂಡಿತು, ನೂಲಪ್ಪ ಇಲ್ಲವಾದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಸಿನಿಮಾ ಪೂರ್ತಿ ಮುಗಿಯುವವರೆಗೆ ಕೂರುವ ರೂಢಿ ನಮಗಿಲ್ಲ. ದುಷ್ಟ ಸತ್ತ ಎಂದರೆ ಕಾಲುಗಳು ಚಪ್ಪಲಿ ಹುಡುಕತೊಡಗುತ್ತವೆ. ನಾಯಕ-ನಾಯಕಿ ಮಾತಾಡುವುದೇನಿದ್ದರೂ ನಾವು ಬಾಗಿಲ ಹತ್ತಿರ ನಿಂತು ಕೇಳುತ್ತೇವೆ. ಹಳ್ಳಿಯ ಬಸ್ಸು ಯಾರನ್ನೂ ಕಾಯುವುದಿಲ್ಲ, ಮ್ಯಾಟಿನಿ ಬಿಡುವ ಹೊತ್ತೂ ಬಸ್ಸು ಹೊರಡುವ ಹೊತ್ತೂ ಒಂದೇ. ಕರಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೆಸರುಗಳು ಉರುಳತೊಡಗಿದರೆ ಮುಗಿಯಿತು, ಮಂದಿ ಎದ್ದರು, ಲೈಟು ಬಂತು, ಆಪರೇಟರ್ ಮೌಲಾಸಾಬ ಪರದೆ ಬಂದ್ ಮಾಡಿದ. ಮುಂದಿನ ಆಟದವರು ಹೊರಗೆ ಬಾಗಿಲು ಬಡಿಯುತ್ತಿರುತ್ತಾರೆ, ಅವನದೇನೂ ತಪ್ಪಿಲ್ಲ.

ಮನೆಗೆ ಬಂದ ಅತ್ತೆ ರಾಟಿ ಮುಟ್ಟಲಿಲ್ಲ. ಟಿವಿ ಹಚ್ಚಿದರೆ ಆರಿಸು ಎಂದಳು. "ಅಷ್ಟು ಎಳಿ ಎಳದಾಂವ ಎಲ್ಲಿ ಉಳಿತಾನ. ಹೋದ. ನನ್ನ ಕಣ್ಣರೆ ಯಾಕ ಬೇಕು ಇನ್ನ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಒಬ್ಬ ಸಿನಿಮಾದ ಮನುಷ್ಯನಿಗಾಗಿ ಹೀಗೆ ಮಾಡುವುದೇ ಎಂದು ನಗಬೇಡಿ. ನಮಗೂ ಮೊದಲು ನಗು ಬಂತು. ನಾಲ್ಕು ದಿನ ಕಳೆದರೂ ರಾಟಿಯ ಸದ್ದಿಲ್ಲದ ಪಡಸಾಲೆಯಲ್ಲಿ ಊಟಕ್ಕೆ ಕುಳಿತಾಗ ಯಾರಿಗೂ ನಗು ಬರಲಿಲ್ಲ.

ಆಗ ಬಂತು ನೋಡಿ ಸಂಗಪ್ಪನ ಫೋನು.

"ಮಲ್ಲ್ಯಾ, ಹೆಸರೆಲ್ಲಾ ಮುಗದ ಮ್ಯಾಲ ಇನ್ನೊಂದು ಸೀನ್ ಐತಿ! ಇಲ್ಲೆ ಜಮಖಂಡ್ಯಾಗ ಆಪರೇಟರ್ ಚಾ ಕುಡ್ಯಾಕ ಹೋಗಿದ್ನಂತ, ಬಂದ್ ಮಾಡೂದು ತಡಾ ಆಗೇತಿ. ನಾ ಬಾಗಲದಾಗ ಹೊಳ್ಳಿ ನೋಡಿದೆ."

"ಏನೈತಿ ಅದರಾಗ? ನೂಲಪ್ಪ ಬದಕ್ಯಾನೇನು?"

"ಹಂಗ ಹೇಳಾಕ ಬರೂದಿಲ್ಲ. ಕತ್ತಲ ಐತಿ, ಏನೋ ಅಲಗಾಡತೈತಿ. ನನಗಂತೂ ಪೈಲ್ವಾನನ ಕೈ ಕಂಡಂಗಾತು."

ಗುಂಪಿನಲ್ಲಿ ಕೇಳಿದೆ. ಮುಧೋಳದ ಶಿವಾನಂದ ಮರೆತ ಛತ್ರಿ ತರಲು ಒಳಗೆ ಹೋದಾಗ ಅದನ್ನು ಕಂಡಿದ್ದನಂತೆ, ನಾಯಿ ಬೊಗಳಿದ್ದು ಸ್ಪಷ್ಟವಾಗಿ ಕೇಳಿಸಿತಂತೆ. ಹಿಪ್ಪರಗಿಯ ಒಬ್ಬರು ಅದು ಅಲೆ, ನೀರಪ್ಪ ಏಳುತ್ತಿದ್ದಾನೆ ಎಂದರು. ಅನಗವಾಡಿಯವರು ಸಣ್ಣಗೆ ಗುಡುಗಿತು ಎಂದರು. ಎಲ್ಲರೂ ಬಾಗಿಲಲ್ಲಿ ಹಿಂದಿರುಗಿ ನೋಡಿದವರೇ, ಪೂರ್ತಿ ನೋಡಿದವರು ಒಬ್ಬರೂ ಇಲ್ಲ. ಫೋನಿನಲ್ಲಿ ಹುಡುಕಿದರೆ ಸಿಗುತ್ತಿತ್ತಲ್ಲ ಎನ್ನುತ್ತೀರಿ. ಕದ್ದ ತುಣುಕು ನೋಡುವುದಿಲ್ಲ ಎಂದು ಬಳಗ ಮೊದಲೇ ಆಣೆ ಮಾಡಿತ್ತು. ನಾನು ಆಣೆ ಮುರಿದು ಅಂಥದೊಂದನ್ನು ಹುಡುಕಿ ಅತ್ತೆಗೆ ತೋರಿಸಲು ಹೋದೆ. ಅವಳು ಫೋನನ್ನು ಮೂಗಿಗೆ ಹಚ್ಚಿಕೊಂಡು ನೋಡಿ, "ಕರ್ರಗೈತಿ. ಇದರಾಗ ಯಾರೂ ಇಲ್ಲ" ಎಂದು ಮರಳಿ ಕೊಟ್ಟಳು. ಅದರಲ್ಲಿ ನನಗೂ ಯಾರದೋ ತಲೆಯ ಹೊರತು ಏನೂ ಕಾಣಲಿಲ್ಲ. ಆಣೆ ಮುರಿದದ್ದಕ್ಕೆ ತಕ್ಕ ಫಲವೇ ಸಿಕ್ಕಿತು.

ಅವಳಿಗೆ ತೋರಿಸಬೇಕಾದರೆ ದೊಡ್ಡ ಪರದೆಯಲ್ಲೇ ತೋರಿಸಬೇಕಿತ್ತು. ಜಮಖಂಡಿಯಲ್ಲಿ ಸಂಗಪ್ಪ ನೋಡಿದ್ದೇ ಕೊನೆಯ ಆಟ, ಮುಧೋಳದಲ್ಲೂ ಸಿನಿಮಾ ತೆಗೆದಿದ್ದರು. ನಮ್ಮೂರಲ್ಲಿ ಮಾರನೆಯ ದಿನದ ಮ್ಯಾಟಿನಿಯೇ ಕೊನೆ, ಸಂಜೆಯಿಂದ ಬೇರೆ ಸಿನಿಮಾ. ಮೌಲಾಸಾಬನ ಹತ್ತಿರ ಓಡಿದೆ.

"ಹೆಸರ ಯಾರ ಓದ್ತಾರ್ರೀ ಮಲ್ಲಪ್ಪಾರ?" ಎಂದ ಅವನು. "ಮಂದಿ ಎದ್ರ ನಾ ಬಂದ್ ಮಾಡಾಂವ. ಖಾಲಿ ಖುರ್ಚಿಗಿ ಯಾಂವ ಸಿನಿಮಾ ತೋರಸ್ತಾನ? ಮಂದಿ ಕುಂತ್ರ ನಾ ಯಾಕ ಬಂದ್ ಮಾಡ್ಲಿ, ಹೇಳ್ರಿ."

ನ್ಯಾಯವಾದ ಮಾತು. ಒಬ್ಬ ಮುದುಕಿ, ಒಬ್ಬ ಹೊಟ್ಟೆಯ ಗಂಡಸು ಕೂತರೆ ಸಾಲದು, ಟಾಕೀಸು ಟಾಕೀಸೇ ಕೂರಬೇಕು. ಸಂಗಪ್ಪನಿಗೆ ಹೇಳಿದೆ. ಅವನು ಗುಂಪಿನಲ್ಲಿ ಒಂದೇ ಸಾಲು ಬರೆದ: "ನಿಮ್ಮಾಂವ ಬಂದಿದ್ದು ಖರೆ ಇದ್ರ, ನಾಳೆ ಬನಹಟ್ಟಿಗಿ ಬಂದು ಎಲ್ಲಾರ ಮುಂದ ತೋರಸ್ರಿ." ಅದಕ್ಕಿಂತ ಹೆಚ್ಚು ಏನೂ ಬೇಕಾಗಲಿಲ್ಲ.

ಮರುದಿನ ಮಧ್ಯಾಹ್ನ ನಮ್ಮ ಟಾಕೀಸಿನ ಮುಂದೆ ಹಿಪ್ಪರಗಿಯ ಟ್ರ್ಯಾಕ್ಟರು ನಿಂತಿತು, ಕಬ್ಬು ಹೇರುವ ಟ್ರೇಲಿ ತುಂಬ ನೀರಪ್ಪನವರು. ಜಮಖಂಡಿಯಿಂದ ಸೆರಗು ಬೀಸುತ್ತ ಪೈಲ್ವಾನನ ಬೈಕುಗಳು ಬಂದವು. ಶಿವಾನಂದ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ. ಅನಗವಾಡಿಯಿಂದ ಹೆಣ್ಣುಮಕ್ಕಳ ಒಂದು ದೊಡ್ಡ ಹಿಂಡೇ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿತ್ತು. ಉಳಿದ ಕುರ್ಚಿಗಳಲ್ಲಿ ನಮ್ಮ ಮಗ್ಗದವರು. ಅತ್ತೆ ಬರಲು ಒಪ್ಪಲಿಲ್ಲ. "ಅಂವ ಸಾಯೂದು ಎರಡ ಸಲ ನೋಡಬೇಕೇನು?" ಎಂದಳು. ನನ್ನ ಹೆಂಡತಿ ಅವಳಿಗೆ ಚಪ್ಪಲಿ ಮೆಟ್ಟಿಸಿ, "ಕನ್ನಡಿಯಾಂವನ್ನ ನೋಡಾಕ ನಾ ಹೊಂಟೇನಿ, ನೀವು ಜೋಡಿ ಬರ್ರಿ ಅತ್ತೆವ್ವಾ" ಎಂದು ಕೈ ಹಿಡಿದು ನಡೆಸಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂರಿಸಿದಳು.

ಇಂಟರ್ವಲ್ಲಿನಲ್ಲಿ ಸಂಗಪ್ಪ ಪರದೆಯ ಮುಂದಿನ ಕಟ್ಟೆ ಏರಿದ. ಬೆನ್ನಿಗೆ ಕೆಂಪು ಬಟ್ಟೆ, ಸೆರಗು ಮುಂದಕ್ಕೆ. "ಕೇಳ್ರೆಪಾ, ಇವತ್ತ ಹೆಸರ ಉರುಳೂವಾಗ ಯಾರೂ ಏಳೂ ಹಂಗಿಲ್ಲ!" ಹಿಂದಿನಿಂದ ಯಾರೋ, "ಬಸ್ ಹೋಗತೈತ್ರೀ ಯಣ್ಣಾ!" ಎಂದರು. ಹಿಪ್ಪರಗಿಯವರು ಕೂತಲ್ಲಿಂದಲೇ, "ಟ್ರೇಲಿ ಐತಿ, ಎಲ್ಲಾ ಹಳ್ಳಿ ಮುಟ್ಟಿಸಿ ಹೋಗ್ತೀವಿ. ಕುಂದರ್ರಿ!" ಎಂದು ಕೂಗಿದರು. ನಿನ್ನೆಯವರೆಗೆ ಜಮಖಂಡಿಯವರಿಗೆ ನೀರು ಕೊಡಬಾರದು ಎನ್ನುತ್ತಿದ್ದ ಮಂದಿ ಇವರು.

ಸಿನಿಮಾ ಮುಗಿಯಿತು. ಆಕಾಶ ಕೂಡಿತು, ನೂಲಪ್ಪ ಹೋದ, ಕರಿ ಪರದೆಯ ಮೇಲೆ ಮೊದಲ ಹೆಸರು ಬಂತು. ಆಗ ಆ ಇಡೀ ಟಾಕೀಸಿನಲ್ಲಿ ಎದ್ದು ನಿಂತವನು ಒಬ್ಬನೇ, ಅದು ನಾನು. ಏನು ಮಾಡಲಿ, ಐವತ್ತು ವರ್ಷದ ಕಾಲು. ಎಡಗಾಲಿಗೆ ಚಪ್ಪಲಿ ಹಾಕಿಯೂ ಆಗಿತ್ತು. "ಕುಂದ್ರಲೇ!" ಎಂಬ ಕೂಗು ನಾಲ್ಕೂ ದಿಕ್ಕಿನಿಂದ ಬಂತು. ಅಂಗಿಯ ತುದಿ ಹಿಡಿದು ನನ್ನನ್ನು ಎಳೆದು ಕೂರಿಸಿದವಳು ಅತ್ತೆ.

ಹೆಸರುಗಳು ಉರುಳಿದವು. ಅಬ್ಬಾ, ಎಷ್ಟು ಹೆಸರುಗಳು! ಮುಗಿಯುವಂತೆಯೇ ಇರಲಿಲ್ಲ. ಹೊರಗೆ ಮುಂದಿನ ಆಟದವರು ಬಾಗಿಲು ಬಡಿಯುತ್ತಿದ್ದರು. ದೂರದಲ್ಲಿ ಬಸ್ಸು ಹಾರ್ನು ಹೊಡೆದು ಹೋದದ್ದು ಕೇಳಿಸಿತು, ಒಂದು ನಿಟ್ಟುಸಿರು ಸಾಲಿನಿಂದ ಸಾಲಿಗೆ ಹೋಯಿತು, ಆದರೆ ಒಬ್ಬರೂ ಅಲುಗಲಿಲ್ಲ. ನಾನು ತಿರುಗಿ ಮೇಲಿನ ಕಿಂಡಿ ನೋಡಿದೆ. ಮೌಲಾಸಾಬ ಅದರಲ್ಲಿ ತಲೆ ತೂರಿಸಿ ಬೆರಗಾಗಿ ನಮ್ಮನ್ನೇ ನೋಡುತ್ತಿದ್ದ. ತನ್ನ ಇಡೀ ಕಸುಬಿನಲ್ಲಿ ಇಂಥ ಪ್ರೇಕ್ಷಕರನ್ನು ಅವನು ಕಂಡಿರಲಿಕ್ಕಿಲ್ಲ.

"ಇವೆಲ್ಲಾ ಯಾರ ಹೆಸರೋ?" ಎಂದು ಅತ್ತೆ ಕೇಳಿದಳು.

"ಸಿನಿಮಾಕ್ಕ ದುಡದಾವ್ರು ಅತ್ತಿ. ಬಣ್ಣಾ ಹಚ್ಚಿದಾವ್ರು, ಅರಿವಿ ಹೊಲದಾವ್ರು, ಚಾ ಕೊಟ್ಟಾವ್ರು ಸೈತ."

"ಹೌದಾ? ಎಲ್ಲಾರ್ದೂ ಬರದಾರಾ?" ಅವಳು ಆ ಬಿಳಿ ಮಬ್ಬಿನ ಕಡೆಗೆ ಕುತ್ತಿಗೆ ಚಾಚಿದಳು. "ಛಲೋ ಮಂದಿ. ಒಂದ ಸೀರಿಗಿ ಎಷ್ಟ ಮಂದಿ ಕೈ ಹತ್ತಿರತೈತಿ, ನಾವು ಯಾರ ಹೆಸರರೆ ಬರದೀವೇನು" ಎಂದಳು. ಅಕ್ಕಪಕ್ಕದ ನೇಕಾರರು ಅದನ್ನು ಕೇಳಿಸಿಕೊಂಡು ನೆಟ್ಟಗೆ ಕುಳಿತರು. ಮುಂದೆ ಉರುಳಿದ ಹೆಸರುಗಳನ್ನು ಅವರು ನೆಂಟರ ಹೆಸರು ಓದುವಷ್ಟು ಶ್ರದ್ಧೆಯಿಂದ ನೋಡಿದರು, ಓದಲು ಬಾರದವರೂ.

ಕೊನೆಯ ಹೆಸರು ಮೇಲೇರಿ ಹೋಯಿತು. ಪರದೆ ಪೂರ್ತಿ ಕಪ್ಪಾಯಿತು. ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ. ಏನೂ ಇಲ್ಲದಿದ್ದರೆ ಇವಳಿಗೆ ಯಾವ ಮುಖ ತೋರಿಸಲಿ ಎಂದು ಭಯವಾಯಿತು.

ಆಮೇಲೆ ಕತ್ತಲಲ್ಲಿ ನಿಧಾನವಾಗಿ ಆಕಾಶ ಮೂಡಿತು. ನೂಲಪ್ಪ ಹಾಕಿದ್ದ ಹೊಲಿಗೆ ಅದರ ಉದ್ದಕ್ಕೂ ಬೆಳ್ಳಗೆ ಹೊಳೆಯುತ್ತಿತ್ತು. ಹೊಲಿಗೆಯ ತುದಿಯಲ್ಲಿ ಒಂದೇ ಒಂದು ಎಳೆ ಇಳಿಬಿದ್ದಿತ್ತು. ಆ ಎಳೆ ಅಲುಗಿತು. ಗಾಳಿಗೆ ಎಂದುಕೊಂಡೆವು. ಮತ್ತೆ ಅಲುಗಿತು, ಸರಕ್ಕನೆ ಬಿಗಿಯಾಯಿತು. ಆಕಾಶದ ಆಚೆ ಬದಿಯಿಂದ ಯಾರೋ ಅದನ್ನು ಹಿಡಿದು ಎಳೆಯುತ್ತಿದ್ದರು.

ಟಾಕೀಸಿನಲ್ಲಿ ಇನ್ನೂ ಯಾರಿಗೂ ತಿಳಿದಿರಲಿಲ್ಲ. ಅತ್ತೆ ಎದ್ದು ನಿಂತಳು.

"ಜೀವ ಐತಿ! ಆಚೀ ಕಡಿಂದ ಎಳ್ಯಾಕತ್ತಾನ! ನಮ್ಮ ನೂಲಪ್ಪಂದ ಕೈ ಅದು, ಬಿಗಿ ನೋಡ್ರಿ!"

ಅನಂತರದ್ದನ್ನು ಬರೆಯಲು ನನಗೆ ಬರುವುದಿಲ್ಲ. ಸೀಟಿಗಳೆಷ್ಟು, ಕೂಗೆಷ್ಟು! ಪೈಲ್ವಾನನವರು ನೀರಪ್ಪನವರನ್ನು ಹೆಗಲ ಮೇಲೆ ಎತ್ತಿದರು. ಅನಗವಾಡಿಯ ಹೆಣ್ಣುಮಕ್ಕಳು ತಟ್ಟಿದ ಚಪ್ಪಾಳೆಗೆ ನಿಜವಾಗಿಯೂ ಗುಡುಗು ಬರುತ್ತದೆಂದು ನಂಬಿದೆ. ಪೈಲ್ವಾನನ ಕೈಯೂ ಇರಲಿಲ್ಲ, ಅಲೆಯೂ ಇರಲಿಲ್ಲ, ತಮ್ಮವನು ಬರಲಿಲ್ಲವೆಂದು ಯಾರಿಗೂ ನೆನಪಾಗಲಿಲ್ಲ. ಶಿವಾನಂದ ಮಾತ್ರ ನನ್ನ ಕಿವಿಯಲ್ಲಿ, "ದೂರ ಒಂದ ನಾಯಿ ಬೊಗಳ್ತು, ಕೇಳಿದ್ರೇನು?" ಎಂದ. ಕೇಳಿದೆ ಎಂದೆ. ಆ ಗಳಿಗೆಯಲ್ಲಿ ಅವನು ಏನು ಕೇಳಿದ್ದರೂ ಹೌದೆನ್ನುತ್ತಿದ್ದೆ. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಮೌಲಾಸಾಬ ಕೆಳಗಿಳಿದು ಬಂದು, "ಇನ್ನೊಮ್ಮೆ ತೋರಸ್ಲೇನ್ರಿ?" ಎಂದು ಕೇಳಿದ. ಹೊರಗೆ ಬಾಗಿಲು ಬಡಿಯುತ್ತಿದ್ದವರನ್ನೂ ಒಳಗೆ ಬಿಟ್ಟುಕೊಂಡು, ಎಲ್ಲರೂ ನಿಂತುಕೊಂಡೇ ಆ ಎಳೆಯನ್ನು ಇನ್ನೊಮ್ಮೆ ನೋಡಿದೆವು.

ಹೊರಗೆ ಬಂದರೆ ಇನ್ನೂ ಬಿಸಿಲಿತ್ತು. ಟ್ರೇಲಿ ಏರುತ್ತಲೇ ಮುಂದಿನ ಸಿನಿಮಾದ ಕಥೆ ಶುರುವಾಯಿತು. ನೂಲಪ್ಪನನ್ನು ಈಚೆಗೆ ಎಳೆದು ತರುವವನು ಪೈಲ್ವಾನನೇ, ಅಷ್ಟು ರಟ್ಟೆ ಬೇರೆ ಯಾರಿಗಿದೆ ಎಂದ ಸಂಗಪ್ಪ. ದಾರಿ ಮೂಸಿ ಹುಡುಕಲು ನಾಯಿ ಬೇಕಲ್ಲ ಎಂದ ಶಿವಾನಂ‍ದ. ಆಚೆ ಲೋಕಕ್ಕೆ ಹೋಗಲು ಕನ್ನಡಿಯವನಲ್ಲದೆ ಯಾರಿಗೆ ದಾರಿ ಗೊತ್ತು ಎಂದು ನನ್ನ ಹೆಂಡತಿ ಅಷ್ಟೂ ಗಂಡಸರ ನಡುವೆ ಕೇಳಿದಾಗ ಸಂಗಪ್ಪನೇ ಮೊದಲು ತಲೆಯಾಡಿಸಿದ. ಹೌದಲ್ಲ, ಅವನೇ ಬೇಕು!

ಅತ್ತೆ ಟ್ರೇಲಿಯ ಗಾಲಿಗೆ ಕೈಯೂರಿ ನಿಂತು ಎಲ್ಲ ಕೇಳುತ್ತಿದ್ದಳು.

"ಮುಂದಿಂದು ಯಾವಾಗ ಬರತೈತೋ?" ಎಂದು ನನ್ನನ್ನು ಕೇಳಿದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಂಥಾವು ಲಗೂನ ಬರೂದಿಲ್ಲ ಅತ್ತಿ. ಎರಡ ಮೂರ ವರ್ಷರೆ ಹಿಡಿತೈತಿ" ಎಂದೆ.

ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನ ಮುಖ ಇರುವ ಕಡೆ ನೋಡಿದಳು.

"ಹಂಗಾರ ಆ ಕಣ್ಣಿನ ಡಾಕ್ಟರಗ ಈಗ ಫೋನ್ ಹಚ್ಚು. ಇವತ್ತ ಎಳಿ ಬಿಗಿ ಆಗಿದ್ದು ಕಂಡ್ತು, ಎಳ್ಯಾವನ ಕೈ ಕಾಣ್ಲಿಲ್ಲ. ಅಂವ ಬರೂ ಹೊತ್ತಿಗಿ ಮಾರಿ ಚಂದಂಗ ಕಾಣಬೇಕು ನನಗ. ಎರಡೂ ಕಣ್ಣು ಒಮ್ಮೆಗೇ ಮಾಡ್ತಾರೇನ ಕೇಳು."

ಅಲ್ಲೇ ಫೋನು ಹಚ್ಚಿದೆ. ಹಿಪ್ಪರಗಿಯವರು ಟ್ರ್ಯಾಕ್ಟರು ಶುರು ಮಾಡಿದ್ದರು, ಡಾಕ್ಟರು ಹೇಳಿದ್ದು ಒಂದೂ ಕೇಳಿಸಲಿಲ್ಲ. "ಏಯ್, ಬಂದ್ ಮಾಡ್ರಿ ಅದನ್ನ!" ಎಂದು ಕೂಗಿದವಳೂ ಅತ್ತೆಯೇ. ಅವರು ಬಂದ್ ಮಾಡಿದರು. ನಾಲ್ಕು ಊರಿನ ಮಂದಿ ಟ್ರೇಲಿಯಲ್ಲಿ ಕಿವಿಗೊಟ್ಟು ಕುಳಿತಿದ್ದಾಗ, ನಾನು ಫೋನಿನಲ್ಲಿ ಆಪರೇಶನ್ನಿಗೆ ಗಂಗವ್ವನ ಹೆಸರು ಬರೆಸಿದೆ.